ಪಾರ್ಕಿನ ಬೀಗ ತೆಗೆಸಿ



1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದ ಬಯಲಿನಲ್ಲಿ ಸಾವಿರಾರು ಜನ ಸೇರಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ತ್ರಿವರ್ಣ ಧ್ವಜ ಹಾರಿಸಿದರು. ಅದರ ನೆನಪಿಗೆ ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಜನ ಸೇರಲು ಒಂದು ಜಾಗವಿದ್ದರೆ ಏನಾಗಬಲ್ಲದು ಎಂಬುದಕ್ಕೆ ನಮಗೆ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ನಮ್ಮ ಬಡಾವಣೆಯ ಪಾರ್ಕಿನ ಗೇಟಿಗೆ ಬೀಗ. ಒಳಗೆ ಪಾರ್ಥೇನಿಯಂ ಬೆಳೆದಿದೆ. ಹೊರಗೆ ರಸ್ತೆಯಲ್ಲೇ ಮಕ್ಕಳ ಕ್ರಿಕೆಟ್. ಹಳ್ಳಿಯ ಅರಳಿಕಟ್ಟೆಯಲ್ಲಿ ಸಂಜೆ ಕೂತು ನಾಲೆ ನೀರು, ಕಬ್ಬಿನ ಬಾಕಿ, ಮನೆಯ ಕಷ್ಟಸುಖ ಮಾತಾಡಿ ಹಗುರಾಗುತ್ತಿದ್ದ ಹಿರಿಯರು, ಪಟ್ಟಣದ ಮಗನ ಮನೆ ಸೇರಿದ ಮೇಲೆ ಟಿ.ವಿ. ಮುಂದೆ ಒಂಟಿಯಾಗಿದ್ದಾರೆ. ಸಕ್ಕರೆ ಕಾಯಿಲೆಗೆ ದಿನಾ ನಡೆಯಿರಿ ಎನ್ನುತ್ತಾರೆ ವೈದ್ಯರು. ಎಲ್ಲಿ ನಡೆಯುವುದು, ಲಾರಿ, ಟ್ರ್ಯಾಕ್ಟರ್‌ಗಳ ನಡುವೆಯೇ?

ಉದ್ಯಾನ, ಆಟದ ಮೈದಾನಗಳನ್ನು ಉಳಿಸಲೆಂದೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಸ್ಥಳೀಯ ಸಂಸ್ಥೆಗಳು ತಮ್ಮ ಪಾರ್ಕು, ಮೈದಾನಗಳ ಪಟ್ಟಿಯನ್ನು ವಾರ್ಡ್‌ವಾರು ಪ್ರಕಟಿಸಲಿ. ಬೆಳಿಗ್ಗೆ 5ರಿಂದ ರಾತ್ರಿ 8ರವರೆಗೆ ಗೇಟು ತೆರೆದಿರಲಿ. ಬೀದಿದೀಪ, ಕುಡಿಯುವ ನೀರು, ಹೆಂಗಸರಿಗೊಂದು ಶೌಚಾಲಯ, ನಾಲ್ಕು ಕಲ್ಲುಬೆಂಚು, ಹೊಂಗೆ ಮರದ ನೆರಳು ಇದ್ದರೆ ಸಾಕು, ಕಾರಂಜಿ ಬೇಡ. ಕಳೆ ಕೀಳಲು, ಗಿಡಕ್ಕೆ ನೀರುಣಿಸಲು ನಿವಾಸಿಗಳಾದ ನಾವೂ ಕೈಜೋಡಿಸುತ್ತೇವೆ. ಅಧಿಕಾರಿಗಳು ದಯವಿಟ್ಟು ಇತ್ತ ಗಮನ ಹರಿಸಬೇಕು.

– ಒಬ್ಬ ಹಿರಿಯ ನಾಗರಿಕ, ಮದ್ದೂರು