ಡಿಜೆ ಮುಂದೆ ಕಿವಿಗೆ ಬಿರಡೆ

ನನ್ನ ಆಫೀಸ್ ಬ್ಯಾಗಿನ ಚಿಕ್ಕ ಜಿಪ್‌ನಲ್ಲಿ ಮೆಟ್ರೋ ಕಾರ್ಡು, ತಲೆನೋವಿನ ಮಾತ್ರೆ ಜೊತೆಗೆ ಒಂದು ಪುಟ್ಟ ಡಬ್ಬಿ ಇರುತ್ತೆ. ಅದರೊಳಗೆ ಒಂದು ಜೊತೆ ಇಯರ್ ಪ್ಲಗ್. ಗಣೇಶನ ವಿಸರ್ಜನೆ, ರಾಜ್ಯೋತ್ಸವದ ಆರ್ಕೆಸ್ಟ್ರಾ, ಅರಮನೆ ಮೈದಾನದ ಕಾನ್ಸರ್ಟ್, ಕಸಿನ್ ಮದುವೆಯ ಸಂಗೀತ್, ಎಲ್ಲಿಗೆ ಹೋದರೂ ಅದು ಜೊತೆಗಿರಲೇಬೇಕು. ಹಾಕ್ಕೊಂಡ ತಕ್ಷಣ ಪಕ್ಕದವರ ಪ್ರಶ್ನೆ ರೆಡಿ: "ಹಾಡು ಕೇಳೋಕೆ ಬಂದು ಕಿವಿ ಮುಚ್ಕೊಳ್ಳೋದಾ? ಮನೇಲೇ ಇರಬಹುದಿತ್ತಲ್ಲ!"

ಮುಚ್ಚೋದಲ್ಲ ಮಾರಾಯ್ರೇ, ತಗ್ಗಿಸೋದು. 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅನ್ನೋದು ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಸಮಯ ಅರ್ಧಕ್ಕೆ ಇಳಿಯುತ್ತೆ. 100 ಡೆಸಿಬಲ್‌ಗೆ ಬರುವಷ್ಟರಲ್ಲಿ ಉಳಿಯೋದು ಬರೀ 15 ನಿಮಿಷ. ಸ್ಪೀಕರ್ ಸಾಲಿನ ಮುಂದೆ ನಿಂತರೆ ಮೂರು ಹಾಡಿಗೇ ಆ ದಿನದ ಕೋಟಾ ಖಾಲಿ!

ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಸುಮಾರು 15 ಸಾವಿರ. ಸತ್ತರೆ ಮತ್ತೆ ಹುಟ್ಟಲ್ಲ. ತಲೆಕೂದಲಿಗಾದರೂ ಟ್ರಾನ್ಸ್‌ಪ್ಲಾಂಟ್ ಇದೆ.

ನನ್ನ ಕಾಲೇಜು ಗೆಳೆಯನೊಬ್ಬ ಹತ್ತೊಂಬತ್ತನೇ ವಯಸ್ಸಿಂದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದವನು. ಈಗ ಮೂವತ್ತೊಂದು. ಅವನ ಕಿವಿಯಲ್ಲಿ ಗುಂಯ್ ಅನ್ನೋ ಸದ್ದು ನಿಲ್ಲೋದೇ ಇಲ್ಲ. ಅದನ್ನು ಮರೆಸೋಕೆ ಡಿಸೆಂಬರ್ ಚಳಿಯಲ್ಲೂ ರಾತ್ರಿಯಿಡೀ ಫ್ಯಾನ್ ಹಾಕ್ಕೊಂಡೇ ಮಲಗ್ತಾನೆ. ಪಾಪ, ಪಕ್ಕದಲ್ಲಿ ಹೆಂಡತಿ ಎರಡು ರಗ್ಗು ಹೊದ್ದು ಮುದುಡಿರ್ತಾಳೆ.

ಹತ್ತಿ ತುರುಕಿದರೆ ಹೆಚ್ಚೇನೂ ಪ್ರಯೋಜನವಿಲ್ಲ. ಫೋಮ್ ಪ್ಲಗ್ ಮಸಾಲೆ ದೋಸೆಗಿಂತ ಅಗ್ಗ, ಆದರೆ ಹಾಕುವ ರೀತಿ ಗೊತ್ತಿರಬೇಕು. ದೀಪದ ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಡಿ. ಉಬ್ಬುವ ತನಕ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡೀರಿ. ನಿಮ್ಮ ದನಿಯೇ ಹಂಡೆಯೊಳಗಿಂದ ಬಂದ ಹಾಗೆ ಕೇಳಿಸಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಇದರಲ್ಲಿ ಹಾಡು ಕಂಬಳಿ ಹೊದ್ದ ಹಾಗೆ ಮಂಕಾಗುತ್ತೆ, ನಿಜ. ಸಂಗೀತಗಾರರಿಗಂತಲೇ ಫಿಲ್ಟರ್ ಇರುವ ಪ್ಲಗ್ ಸಿಗುತ್ತೆ, ದುಡ್ಡು ಜಾಸ್ತಿ. ಅದು ಎಲ್ಲ ಸ್ವರಗಳನ್ನೂ ಸಮವಾಗಿ 15-20 ಡೆಸಿಬಲ್ ಇಳಿಸುತ್ತೆ. ಹಾಡು ಹಾಡಾಗೇ ಕೇಳುತ್ತೆ, ಗಾಯಕರ ಸಾಹಿತ್ಯ ಇನ್ನೂ ಸ್ಪಷ್ಟ!

ಕಾರ್ಯಕ್ರಮದ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು, ಬಂದವರಿಗೆ ಕಿವಿರಕ್ಷಣೆ ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ನಮ್ಮ ಆಯೋಜಕರು ಟೀ ಶರ್ಟ್ ಕೊಡ್ತಾರೆ, ಶಲ್ಯ ಕೊಡ್ತಾರೆ, ಪಲಾವ್ ಪೊಟ್ಟಣ ಕೊಡ್ತಾರೆ. ಪ್ಲಗ್ ಕೊಟ್ಟವರನ್ನು ನಾನಂತೂ ನೋಡಿಲ್ಲ.

ಮನೆಗೆ ಬಂದ ಮೇಲೂ ಕಿವಿ ಗುಂಯ್‌ಗುಡ್ತಿದ್ದರೆ ಸಾಮಾನ್ಯವಾಗಿ ಮಾರನೇ ದಿನಕ್ಕೆ ಇಳಿಯುತ್ತೆ. ಇಳಿಯದಿದ್ದರೆ ಇಎನ್‌ಟಿ ಡಾಕ್ಟರನ್ನು ನೋಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ಅವತ್ತೇ ಹೋಗಬೇಕು.

ಪುಟ್ಟ ಮಕ್ಕಳಿಗೆ ಈ ಪ್ಲಗ್ ಬೇಡ, ಬಾಯಿಗೆ ಹಾಕ್ಕೊಂಡುಬಿಡ್ತಾವೆ. ಅವಕ್ಕೆ ಹೆಡ್‌ಫೋನಿನಂಥ ಇಯರ್ ಮಫ್ ಇದೆ, ಇಲ್ಲವೇ ದೂರ ನಿಲ್ಲಬೇಕು. ಹೋದ ವರ್ಷದ ವಿಸರ್ಜನೆಯಲ್ಲಿ ಒಬ್ಬರು ಎರಡು ವರ್ಷದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಪೀಕರ್ ಮುಂದೆಯೇ ಕುಣೀತಿದ್ದರು. ತಡೆಯಲಾಗದೆ ಹೋಗಿ ಹೇಳಿದೆ. "ಅಯ್ಯೋ, ಅವನೇ ಎಂಜಾಯ್ ಮಾಡ್ತಿದಾನೆ ಬಿಡಿ" ಅಂದರು. ಹೆಗಲ ಮೇಲಿನ ಮಗು ಎರಡೂ ಕೈಯಲ್ಲಿ ಕಿವಿ ಮುಚ್ಕೊಂಡಿತ್ತು.