ಬರೀ "ಕಾಡುಹೂ" ಅಂದರೆ ಸಾಕೇ?



ವಸಂತ ಋತುವಿನ ಮೇಲೆ ಪ್ರಬಂಧ ಬರೆಯುವುದರಲ್ಲಿ ನಾವೆಲ್ಲ ಜಾಣರು. ಕೋಗಿಲೆ ಹಾಡುತ್ತದೆ, ಮಾವು ಚಿಗುರುತ್ತದೆ, ಹೂಗಳು ಅರಳುತ್ತವೆ ಅಂತ ಬರೆದು ಮಾರ್ಕು ತಗೋತೀವಿ. ಯಾವ ಹೂವು ಅಂತ ಕೇಳಿದರೆ ಮಾತ್ರ "ಯಾವುದೋ ಕಾಡುಹೂ" ಅಂದುಬಿಡ್ತೀವಿ. ಇದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಮಲೆನಾಡಿನಲ್ಲಿ ನೆಲದ ಸಣ್ಣ ಹೂಗಿಡಗಳನ್ನು ನೋಡಲು ಮಳೆಗಾಲವೇ ಬರಬೇಕು. ಫಾಲ್ಗುಣ, ಚೈತ್ರದಲ್ಲಿ ತಲೆ ಎತ್ತಿ ನಡೀಬೇಕು, ಆಗ ಹೂ ಬಿಡುವುದು ಮರಗಳು. ದೂರದಲ್ಲಿ ಕೆಂಪು ಕಂಡರೆ ಸಾಕು, ಎಲ್ಲರೂ ಮುತ್ತುಗ ಅಂತಾರೆ. ಹತ್ತಿರ ಹೋಗಿ ಬಿದ್ದ ಹೂವನ್ನು ಎತ್ತಿ ನೋಡಿ. ಗಿಳಿಕೊಕ್ಕಿನ ಹಾಗೆ ಬಾಗಿ, ಕೇಸರಿ ಬಣ್ಣ ಇದ್ದು, ಬುಡದ ಬಟ್ಟಲು ಕಪ್ಪು ಮಖಮಲ್ಲಿನಂತಿದ್ದರೆ ಅದು ಮುತ್ತುಗ. ಅಂಗೈ ತುಂಬುವಷ್ಟು ದೊಡ್ಡದಾಗಿ, ಐದು ದಪ್ಪ ಎಸಳಿದ್ದರೆ ಬೂರುಗ. ಎಳೆ ಬೂರುಗದ ಕಾಂಡದ ತುಂಬ ಮುಳ್ಳು, ಒರಗಿ ನಿಂತೀರಿ ಜೋಕೆ! ಬೇಲಿಸಾಲಿನಲ್ಲಿ, ಕೊಂಬೆಯ ತುದಿಗೆ ಕೆಂಪು ಗೊಂಚಲು ಹೊತ್ತು ನಿಂತಿದ್ದರೆ ಹಾಲವಾಣ ಇರಬಹುದು. ಹೂ ಬಿಡುವಾಗ ಈ ಮೂರರಲ್ಲೂ ಎಲೆ ಇಲ್ಲದಷ್ಟು ಕಮ್ಮಿ, ಹಾಗಾಗಿ ಹೂವನ್ನೇ ನೋಡಿ ಗುರುತಿಸಬೇಕು. ಐದು ನಿಮಿಷ ಸುಮ್ಮನೆ ನಿಂತರೆ ಮಕರಂದಕ್ಕೆ ಬರುವ ಮೈನಾ, ಪಿಕಳಾರ, ಸೂರಕ್ಕಿಗಳೂ ಕಾಣುತ್ತವೆ.

ಸುರಗಿ ಹಾಗಲ್ಲ, ಅದನ್ನು ಮೂಗೇ ಹುಡುಕುತ್ತದೆ. ಮಣಿಯಂಥ ಮೊಗ್ಗು ಹಳೆ ಕೊಂಬೆಗೇ ಅಂಟಿಕೊಂಡಿರುತ್ತದೆ. ಒಣಗಿದರೂ ಪರಿಮಳ ಹೋಗುವುದಿಲ್ಲ, ಅಜ್ಜಿಯ ಪೆಟ್ಟಿಗೆ ತೆಗೆದರೆ ಗೊತ್ತಾಗುತ್ತದೆ. ಈ ಪರಿಮಳವೇ ಅದಕ್ಕೆ ಕಷ್ಟ ತಂದಿದೆ. ಮೊಗ್ಗು ಮಾರಿದರೆ ದುಡ್ಡು ಸಿಗುತ್ತದಲ್ಲ, ಹತ್ತಿ ಬಿಡಿಸುವುದು ಬಿಟ್ಟು ಕೆಲವರು ಕೊಂಬೆಯನ್ನೇ ಕಡಿದು ಹಾಕುತ್ತಾರೆ. ಕಡಿದ ಕೊಂಬೆಯಲ್ಲಿ ಮುಂದಿನ ವರ್ಷ ಮೊಗ್ಗು ಎಲ್ಲಿಂದ ಬರಬೇಕು? ಮೊಗ್ಗು ಮಾರಬೇಡಿ ಅಂತ ನಾನು ಹೇಳುವುದಿಲ್ಲ, ಬಡವರ ಮನೆಗೆ ಅದೂ ಒಂದು ಆದಾಯ. ಕತ್ತಿ ಮನೆಯಲ್ಲೇ ಇರಲಿ ಅಂತೀನಿ ಅಷ್ಟೆ. ಅದು ಸುರಗಿ ಅಂತ ಗೊತ್ತಿದ್ದ ಹುಡುಗರು ನಾಲ್ಕು ಜನ ಇದ್ದರೆ, ಕಡಿಯುವವರನ್ನು "ಯಾಕಣ್ಣ?" ಅಂತಾದರೂ ಕೇಳಬಹುದು.

ಪರೀಕ್ಷೆ ಹತ್ತಿರ ಇರುವಾಗ ಕಾಡು ಸುತ್ತುವುದು ಬೇಡ ಅಂತ ಕೆಲವರು ಹೇಳಬಹುದು. ಹೂವಿಗೆ ನಮ್ಮ ಟೈಂಟೇಬಲ್ ಗೊತ್ತಿಲ್ಲವಲ್ಲ! ಆದ್ದರಿಂದ ಗುರುಗಳಲ್ಲಿ ವಿನಂತಿ: ಮಾರ್ಚ್ ಒಳಗೆ ಒಂದು ಶನಿವಾರ, ಬೆಳಗಿನ ಎರಡೇ ಗಂಟೆ, ನಮ್ಮನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ. ದನ ಕಾಯುವ ಅಜ್ಜಂದಿರನ್ನೂ ಕರೆಯೋಣ, ಪುಸ್ತಕದಲ್ಲಿ ಇಲ್ಲದ ಹೆಸರು ಅವರಿಗೆ ಗೊತ್ತು. ಬಿದ್ದ ಹೂ ಮಾತ್ರ ಆರಿಸಿ ಹಳೆ ಪೇಪರಿನಲ್ಲಿ ಒತ್ತಿಡೋಣ. ಹಳದಿ ಗೊಂಚಲಿನ ಕಕ್ಕೆ ಚೆನ್ನಾಗಿ ಅರಳುವ ಹೊತ್ತಿಗೆ ನಮಗೆ ಬೇಸಿಗೆ ರಜೆ. ಅವರವರ ಮನೆ ಹತ್ತಿರದ ಕಕ್ಕೆ ಯಾವ ತಾರೀಕಿಗೆ ಅರಳಿತು ಅಂತ ಬರೆದಿಟ್ಟುಕೊಂಡು ಬನ್ನಿ, ಜೂನ್‌ನಲ್ಲಿ ಇದೇ ಗೋಡೆಗೆ ಪಟ್ಟಿ ಹಚ್ಚೋಣ.