ಗಾಜಿನ ಗೋಪುರಕ್ಕೊಂದು ಜಗಲಿ ಬೇಡವೇ?

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಾಲಾಗಿ ನಿಂತಿರುವ ಕಚೇರಿ ಕಟ್ಟಡಗಳನ್ನು ನೋಡಿ. ನಾಮಫಲಕ ತೆಗೆದರೆ ಅವು ಯಾವ ದೇಶದವೆಂದು ಹೇಳುವುದೂ ಕಷ್ಟ. ಬುಡದಿಂದ ತುದಿಯವರೆಗೆ ಗಾಜು, ತೆರೆಯಲಾಗದ ಕಿಟಕಿ, ಹಗಲೆಲ್ಲ ಎ.ಸಿ. ಚಳಿ ದೇಶದವರಿಗೆ ಬಿಸಿಲು ಒಳಗೆ ಬರಬೇಕು, ಅವರಿಗೆ ಗಾಜು ಸರಿ. ನಮಗೇಕೆ? ಗಾಜಿನ ಮೂಲಕ ಶಾಖವನ್ನು ಒಳಗೆ ಬಿಟ್ಟುಕೊಂಡು, ಅದನ್ನು ಹೊರಹಾಕಲು ಕರೆಂಟು ಖರ್ಚು ಮಾಡುತ್ತೇವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ, ತಂಪು ಹವೆಗೆ ಹೆಸರಾದ ಊರಿನಲ್ಲಿ ಇದು ತಮಾಷೆಯೇ ಸರಿ.

ನಮ್ಮ ಪರಶುರಾಂಪುರದ ಕಡೆ ಬಿಸಿಲು ಇನ್ನೂ ಜಾಸ್ತಿ. ಇಲ್ಲಿನ ಹಳೆಯ ಮಾಳಿಗೆ ಮನೆಗಳಿಗೆ ದಪ್ಪ ಗೋಡೆ, ಮೇಲೆ ಮಣ್ಣು, ಬೆಳಕಿಗೆ ಪುಟ್ಟ ಗವಾಕ್ಷಿ. ಮಧ್ಯಾಹ್ನವೂ ಒಳಗೆ ತಂಪು. ಇಪ್ಪತ್ತು ಮಹಡಿಯನ್ನು ಮಣ್ಣಿನಲ್ಲಿ ಕಟ್ಟಿ ಎಂದು ನಾನು ಹೇಳುತ್ತಿಲ್ಲ (ಹೇಳಿದರೆ ನಮ್ಮ ಮೇಷ್ಟ್ರು ಬಿಡುವುದಿಲ್ಲ). ಆದರೆ ಆ ಬುದ್ಧಿಯನ್ನು ಮೇಲಕ್ಕೆ ಒಯ್ಯಬಹುದು. ಸೌದಿ ಅರೇಬಿಯಾದ ಜೆಡ್ಡಾದಲ್ಲಿ 1983ರಲ್ಲಿ ಮುಗಿದ ನ್ಯಾಷನಲ್ ಕಮರ್ಷಿಯಲ್ ಬ್ಯಾಂಕ್ ಕಟ್ಟಡ ಅದನ್ನೇ ಮಾಡಿದೆ. ತ್ರಿಕೋನಾಕಾರದ 27 ಮಹಡಿಗಳ ಕಟ್ಟಡವದು. ಹೊರಮೈ ಬಹುಪಾಲು ಬರೀ ಕಲ್ಲು. ಗೋಡೆಯಲ್ಲಿ ಬಿಟ್ಟ ಭಾರಿ ತೆರಪುಗಳ ಒಳಗಿನ ನೆರಳಿನತ್ತ ಕಿಟಕಿಗಳು ಮುಖ ಮಾಡಿವೆ, ತೊಟ್ಟಿ ಮನೆಯ ಅಂಗಳದ ಹಾಗೆ.

ಕೌಲಾಲಂಪುರದ 452 ಮೀಟರಿನ ಪೆಟ್ರೋನಾಸ್ ಗೋಪುರಗಳ ನಕ್ಷೆಯಲ್ಲಿ ಇಸ್ಲಾಮಿ ಚಿತ್ತಾರದ ಎಂಟು ಮೂಲೆಯ ನಕ್ಷತ್ರವಿದೆ. ಚೆಂದವೇ. ಆದರೂ ನನ್ನ ಓಟು ಜೆಡ್ಡಾಕ್ಕೆ. ಲಾಬಿಯಲ್ಲೊಂದು ಹೊಯ್ಸಳ ಕಂಬ ನಿಲ್ಲಿಸಿದ ಮಾತ್ರಕ್ಕೆ ಕಟ್ಟಡ ನಮ್ಮದಾಗುವುದಿಲ್ಲ.

ಇನ್ನೊಂದು ಸಂಗತಿ ಕೆಲಸ ಹುಡುಕುವವರಿಗೆ ಚೆನ್ನಾಗಿ ಗೊತ್ತು. ನಮ್ಮ ಹಳೆಯ ಮನೆಗಳಿಗೆ ಜಗಲಿ ಇರುತ್ತಿತ್ತು, ದಾರಿಹೋಕರೂ ಕೂತು ನೀರು ಕೇಳಬಹುದಿತ್ತು. ಎಲ್ಲ ಜಾತಿಯವರನ್ನೂ ಕೂರಿಸುತ್ತಿರಲಿಲ್ಲ ಎಂಬುದೂ ನಿಜ. ಆ ಭಾಗವನ್ನು ನಾವು ಮುಂದುವರಿಸಬೇಕಿಲ್ಲ. ಇಂಟರ್‌ವ್ಯೂಗೆಂದು ರಾತ್ರಿ ಬಸ್ಸಿನಲ್ಲಿ ಹೋದ ನಮ್ಮ ಸೀನಿಯರ್‌ಗಳು ಇಂಥದ್ದೇ ಒಂದು ಗೇಟಿನ ಹೊರಗೆ, ಫುಟ್‌ಪಾತಿನಲ್ಲಿ ಫೈಲು ಹಿಡಿದು ಎರಡು ಗಂಟೆ ನಿಂತಿದ್ದರು. ಒಳಗೆ ಮೂರು ಮಹಡಿಯಷ್ಟು ಎತ್ತರದ ಲಾಬಿ ಖಾಲಿ ಇತ್ತು. ಇದಕ್ಕೆ ದುಡ್ಡಿನ ಕೊರತೆ ಕಾರಣವಲ್ಲ, ನಕ್ಷೆ ಬರೆದವರಿಗೆ ಹೊರಗೆ ಕಾಯುವವರು ನೆನಪಾಗಲಿಲ್ಲ ಅಷ್ಟೆ. ರಸ್ತೆಯ ಬದಿಗೆ ಒಂದು ಚಾವಣಿ, ಕೂರಲು ಉದ್ದನೆಯ ಕಲ್ಲುಬೆಂಚು, ಕುಡಿಯುವ ನೀರು, ಶೌಚಾಲಯ: ಕೋಟಿಗಟ್ಟಲೆ ಸುರಿಯುವ ಕಟ್ಟಡಕ್ಕೆ ಇದೊಂದು ಲೆಕ್ಕವೇ? ಪಾರ್ಕಿಂಗ್‌ಗೆ ಎಷ್ಟು ಜಾಗ ಬಿಟ್ಟಿದ್ದೀರಿ ಎಂದು ಕೇಳಿ ನಕ್ಷೆಗೆ ಅನುಮತಿ ಕೊಡುವವರು ಇನ್ನು ಮುಂದೆ ಇದನ್ನೂ ಕೇಳಲಿ.